ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು

ಮಾನ್ಯರೇ,

ನಿಮ್ಮ ಮಗಳು ಮೂರು ತಿಂಗಳು ತಪ್ಪದೆ ಕಬ್ಬಿಣಾಂಶದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 10.6 ಗ್ರಾಂ ದಾಟಿಲ್ಲವೆಂದೂ, ವೈದ್ಯರು ಈಗ ಫೆರಿಟಿನ್ ಮತ್ತು ಎಚ್‌ಪಿಎಲ್‌ಸಿ ಎಂಬ ಇನ್ನೆರಡು ಪರೀಕ್ಷೆ ಬರೆದುಕೊಟ್ಟಿದ್ದಾರೆಂದೂ ತಿಳಿಸಿ, ರಕ್ತ ಕಡಿಮೆಯೆಂದು ಗೊತ್ತಾದ ಮೇಲೂ ಮತ್ತೆ ಮತ್ತೆ ರಕ್ತ ತೆಗೆಯುವುದೇಕೆ ಎಂದು ಕೇಳಿದ್ದೀರಿ.

ಗರ್ಭಿಣಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರಕ್ತಹೀನತೆ ಎನ್ನುತ್ತದೆ. ಆ ಅಂಕಿ ಕೊರತೆಯನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಕಾರಣದ ಸುಳಿವು ಅದೇ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿಯ ಕೆಳಗಿನ ಸಾಲುಗಳಲ್ಲಿರುತ್ತದೆ. ಅವನ್ನು ಓದುವ ವ್ಯವಧಾನ ಬಹಳ ಮಂದಿಗಿಲ್ಲ. ಎಂಸಿವಿ ಎಂದರೆ ಕೆಂಪು ಕಣದ ಸರಾಸರಿ ಗಾತ್ರ. ಅದು 80ರಿಂದ 100ರೊಳಗಿರಬೇಕು. ನೀವು ಲಗತ್ತಿಸಿದ ವರದಿಯಲ್ಲಿ 64 ಇದೆ. ಕಣ ಹೀಗೆ ಚಿಕ್ಕದಾಗುವುದಕ್ಕೆ ಕಬ್ಬಿಣದ ಕೊರತೆಯೇ ಅತಿ ಸಾಮಾನ್ಯ ಕಾರಣವಾದ್ದರಿಂದ ಮೊದಲು ಆ ಮಾತ್ರೆ ಕೊಟ್ಟಿದ್ದರಲ್ಲಿ ತಪ್ಪಿಲ್ಲ.

ಆದರೆ ಕೆಂಪು ಕಣಗಳ ಸಂಖ್ಯೆ ಮೈಕ್ರೋಲೀಟರಿಗೆ 54 ಲಕ್ಷವಿರುವುದನ್ನು ಗಮನಿಸಿ. ಕಬ್ಬಿಣದ ಕೊರತೆಯಲ್ಲಿ ಗಾತ್ರದ ಜೊತೆಗೆ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಆನುವಂಶಿಕ ರೋಗವಾದ ಬೀಟಾ ಥಲಸ್ಸೀಮಿಯಾದ ವಾಹಕರಲ್ಲಿ, ಅಂದರೆ ಅದರ ಒಂದೇ ದೋಷದ ಜೀನ್ ಇರುವವರಲ್ಲಿ, ಕಣಗಳು ತೀರಾ ಚಿಕ್ಕವಾದರೂ ಸಂಖ್ಯೆ ಇಳಿಯದೆ, ಕೆಲವೊಮ್ಮೆ ಏರಿಯೇ ಇರುತ್ತದೆ. ಎಂಸಿವಿಯನ್ನು ದಶಲಕ್ಷಗಳಲ್ಲಿ ಹೇಳಿದ ಕಣಸಂಖ್ಯೆಯಿಂದ ಭಾಗಿಸುವ, 1973ರಲ್ಲಿ ಮೆಂಟ್ಜರ್ ಸೂಚಿಸಿದ ಲೆಕ್ಕವೊಂದಿದೆ: ಉತ್ತರ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕತ್ವದ ಶಂಕೆ. 64ನ್ನು 5.4ರಿಂದ ಭಾಗಿಸಿದರೆ 12ಕ್ಕೂ ತುಸು ಕಡಿಮೆಯೇ ಬರುತ್ತದೆ. ಇದು ಶಂಕೆಗೆ ಆಧಾರ ಮಾತ್ರ. ತೀರ್ಮಾನಕ್ಕೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಬೇಕು. ಅದರಲ್ಲಿ ಎ2 ಎಂಬ ಬಗೆಯ ಪ್ರಮಾಣ ಶೇ. 3.5 ಮೀರಿದ್ದರೆ ಸಾಮಾನ್ಯವಾಗಿ ವಾಹಕರೆಂದೇ ಅರ್ಥ. ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ದೋಷವಿದ್ದರೂ ಇದೇ ಪರೀಕ್ಷೆಯಲ್ಲಿ ಕಾಣುತ್ತದೆ.

ಹಾಗಾದರೆ ಫೆರಿಟಿನ್ ಏಕೆ? ಅದು ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣದ ಅಳತೆ. ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಖಚಿತ. ಆದರೆ ಸೋಂಕು, ಉರಿಯೂತಗಳಿದ್ದಾಗ ಈ ಅಂಕಿ ಏರುವುದರಿಂದ, ಜ್ವರದಲ್ಲಿ ಮಾಡಿಸಿದ ಪರೀಕ್ಷೆಯ 'ನಾರ್ಮಲ್' ಎಂಬ ಉತ್ತರವನ್ನು ನೆಚ್ಚುವಂತಿಲ್ಲ. ಇನ್ನೊಂದು ತೊಡಕೆಂದರೆ, ಕಬ್ಬಿಣದ ತೀವ್ರ ಕೊರತೆ ಎ2 ಪ್ರಮಾಣವನ್ನು ತಗ್ಗಿಸಿ ವಾಹಕತ್ವವನ್ನು ಮರೆಮಾಚಬಲ್ಲದು. ಎರಡನ್ನೂ ಒಟ್ಟಿಗೆ ಬರೆದ ನಿಮ್ಮ ವೈದ್ಯರು ಸರಿಯಾಗಿಯೇ ಯೋಚಿಸಿದ್ದಾರೆ.

ಎಂಸಿವಿ 100 ದಾಟಿದ್ದರೆ ವಿಚಾರಣೆ ಬಿ12, ಫೋಲೇಟ್ ಎಂಬ ಜೀವಸತ್ವಗಳ ಕೊರತೆಯತ್ತ ತಿರುಗುತ್ತಿತ್ತು. (ಫೋಲೇಟ್‌ನ ಜಾಡು ಮೊದಲು ಸಿಕ್ಕಿದ್ದು ನಮ್ಮ ಮುಂಬೈಯಲ್ಲೇ; 1928ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅಲ್ಲಿನ ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರ ರಕ್ತಹೀನತೆಯನ್ನು ಅಧ್ಯಯನ ಮಾಡಿದ್ದರು.) ಕಬ್ಬಿಣ, ಬಿ12 ಎರಡೂ ಕೊರತೆಯಾದಾಗ ಚಿಕ್ಕ ಕಣ, ದೊಡ್ಡ ಕಣಗಳು ಬೆರೆತು ಸರಾಸರಿ ಸರಿಯಾಗಿಯೇ ಕಾಣುತ್ತದೆ, ಆಗ ಗಾತ್ರದ ಏರುಪೇರನ್ನು ಹೇಳುವ ಆರ್‌ಡಿಡಬ್ಲ್ಯು ಮತ್ತು ಸೂಕ್ಷ್ಮದರ್ಶಕದಡಿ ನೋಡುವ ರಕ್ತದ ಲೇಪ (ಸ್ಮಿಯರ್) ನೆರವಿಗೆ ಬರುತ್ತವೆ.

ಮದುವೆಯ ಮಾತುಕತೆ ನಡೆದಿದೆಯೆಂದು ಬರೆದಿದ್ದೀರಿ. ವಾಹಕತ್ವ ಕಾಯಿಲೆಯಲ್ಲ, ಮದುವೆಗೆ ಅಡ್ಡಿಯೂ ಅಲ್ಲ. ಆದರೆ ಗಂಡನೂ ವಾಹಕನಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ರೋಗ ಬರುವ ಸಾಧ್ಯತೆ ಶೇ. 25 ಇರುವುದರಿಂದ, ಮಗಳ ವರದಿಯಲ್ಲಿ ಎ2 ಹೆಚ್ಚಿದ್ದರೆ ವರನಿಗೂ ಇದೇ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇತ್ತೀಚಿನ ತಿಂಗಳುಗಳಲ್ಲಿ ಮಗಳಿಗೆ ರಕ್ತ ಕೊಡಿಸಿದ್ದರೆ ಎಚ್‌ಪಿಎಲ್‌ಸಿ ದಾರಿ ತಪ್ಪಿಸಬಹುದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.

— ಸಂಪಾದಕ