ರುಡಾಲ್ಫ್ ರಾಕರ್ ಯಾರು? ಯಹೂದಿಯಲ್ಲದಿದ್ದರೂ ಯಹೂದಿ ಕಾರ್ಮಿಕರ ನಾಯಕರಾದದ್ದು ಹೇಗೆ?

ಅವರ ಭಾಷೆ ಕಲಿತು, ಅವರ ನಡುವೆಯೇ ಬದುಕಿ. ರಾಕರ್ 1873ರಲ್ಲಿ ಜರ್ಮನಿಯ ಮೈಂಟ್ಸ್‌ನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು, ಅನಾಥಾಲಯ ಸೇರಬೇಕಾಯಿತು. ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ ಕಲಿತರು. ದೊರೆಯೂ ಬೇಡ, ಧಣಿಯೂ ಬೇಡ ಅನ್ನುವ ಅರಾಜಕತಾವಾದ ಹಿಡಿಸಿತು.

1895ರಲ್ಲಿ ಲಂಡನ್ನಿಗೆ ಬಂದು, ಅಲ್ಲಿನ ಯಹೂದಿ ಕಾರ್ಮಿಕರ ಮಾತಾದ ಯಿಡ್ಡಿಷ್ ಕಲಿತರು. ಆ ಭಾಷೆಯಲ್ಲೇ ಕಾರ್ಮಿಕರ ಪತ್ರಿಕೆ ನಡೆಸಿದರು. ಸುಮ್ನೆ ಮಾತಲ್ಲ ಇದು, ಅಲ್ವಾ?

1912ರಲ್ಲಿ ಪೂರ್ವ ಲಂಡನ್ನಿನ ಸಾವಿರಾರು ಯಹೂದಿ ದರ್ಜಿಗಳನ್ನು ಮುಷ್ಕರಕ್ಕೆ ಹುರಿದುಂಬಿಸಿದರು. ಮೂರು ವಾರಗಳಲ್ಲಿ ಗೆದ್ದರು. ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನದು. ಬಂದರಿನ ಕೂಲಿಗಳ ಮುಷ್ಕರ ಇನ್ನೂ ನಡೆದಿತ್ತು. ಬರಿಗಾಲು, ಹರಕು ಬಟ್ಟೆಯಲ್ಲಿದ್ದ ಅವರ ಮಕ್ಕಳನ್ನು ಯಹೂದಿ ಮನೆಯವರು ಕರೆದೊಯ್ದು ಊಟ ಹಾಕಿದರು.

1914ರ ಯುದ್ಧದಲ್ಲಿ ಜರ್ಮನ್ ಅಂತ ಬ್ರಿಟನ್ ರಾಕರ್ ಅವರನ್ನು ಬಂಧಿಸಿತು. 1958ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.