ಮನೇಲಿ ಸ್ಪಿನ್ನರ್‌ಬೇಟ್ ಮಾಡೋಕೆ ತಂತಿ ಬಗ್ಗಿಸ್ಬೇಕು, ಯಾವ ಟೂಲ್ ತಗೊಳ್ಲಿ?

ಸ್ಪಿನ್ನರ್‌ಬೇಟ್ ಅಂದ್ರೆ ಮೀನು ಹಿಡಿಯೋ ಒಂಥರಾ ನಕಲಿ ಎರೆ: ಬಗ್ಗಿಸಿದ ತಂತಿ, ಬಗ್ಗಿದ ಕಡೆ ದಾರ ಕಟ್ಟೋ ಕಣ್ಣು, ಮೇಲಿನ ಕಡ್ಡೀಲಿ ತಿರುಗೋ ಬ್ಲೇಡ್, ಕೆಳಗಿನ ಕಡ್ಡೀಲಿ ಸೀಸದ ತಲೆ, ಹುಕ್ಕು. ಅದರ ತಂತಿ ಬಗ್ಗಿಸೋಕೆ ಮನೇಲಿರೋ ಕಟಿಂಗ್ ಪ್ಲೇಯರ್ ಸಾಕಾ, ನೋಸ್ ಪ್ಲೇಯರ್ ತಗೊಳ್ಲಾ, ಇಲ್ಲಾ ಆನ್‌ಲೈನಲ್ಲಿ ಸಿಗೋ ಹಿಡಿ ತಿರುಗಿಸೋ ವೈರ್ ಬೆಂಡರ್ ತರಿಸ್ಲಾ ಅಂತ ಕೇಳಿದೀರ. ಆ ಮೊದಲ್ನೇದು ಓದಿದ ತಕ್ಷಣ ಹೊಟ್ಟೇಲಿ ಒಂಥರಾ ಆಯ್ತು. ಎಂಟು ವರ್ಷದ ಹಿಂದೆ ನಾನು ಮಾಡಿದ್ದೂ ಅದನ್ನೇ.

ನಮ್ಮೂರು ಹಾಸನದ ಕಡೆ. ಗೊರೂರು ಡ್ಯಾಮ್ ಹಿನ್ನೀರು ಗೊತ್ತಲ್ಲ, ಹೇಮಾವತಿದು, ಶೆಟ್ಟಿಹಳ್ಳಿ ಚರ್ಚ್ ಮಳೆಗಾಲದಲ್ಲಿ ಮುಳುಗುತ್ತಲ್ಲ, ಆ ಹಿನ್ನೀರು. ಅಂಚಲ್ಲೆಲ್ಲಾ ಜೊಂಡು, ಹಳೇ ಮರದ ಬೊಡ್ಡೆ. ಕೊರವ ಮೀನು ಇರೋದೇ ಅಂಥಾ ಜಾಗದಲ್ಲಿ, ಮತ್ತೆ ಮಾಮೂಲಿ ಸ್ಪೂನ್ (ಚಮಚದ ಆಕಾರದ ಲೋಹದ ಎರೆ) ಎಸೆದ್ರೆ ಎರಡನೇ ಸಲಕ್ಕೇ ಸಿಕ್ಕಾಕೊಂಡು ಹೋಗುತ್ತೆ. ಅದಕ್ಕೇ ಸ್ಪಿನ್ನರ್‌ಬೇಟ್ ಹುಚ್ಚು ಹತ್ತಿದ್ದು, ತಂತಿ ಮುಂದೆ ಹೋಗಿ ಜೊಂಡು ತಳ್ಳುತ್ತೆ, ಹುಕ್ಕು ಮೇಲ್ಮುಖವಾಗಿ ಹಿಂದೆ ಬಚ್ಚಿಟ್ಕೊಂಡು ಬರುತ್ತೆ. ಅಂಗಡೀದು ದುಬಾರಿ ಅಂತ ಮನೇಲೇ ಮಾಡೋಕೆ ಕೂತೆ. ಸೀಸ ಕರಗಿಸಿ ತಲೆ ಎರಕ ಹೊಯ್ದೆ (ಅಡುಗೆ ಮನೇಲಿ ಮಾತ್ರ ಮಾಡ್ಬೇಡಿ, ಹೊಗೆ ವಿಷ, ಹಿತ್ತಲಲ್ಲಿ ಮಾಡಿ), ಹಳೇ ಸ್ಟೀಲ್ ಚಮಚ ಕತ್ತರಿಸಿ ಬ್ಲೇಡ್ ಮಾಡ್ದೆ, ಒಳ್ಳೇ ತಂತೀನೂ ಹುಡುಕಿ ತಂದೆ. ಬಗ್ಗಿಸೋಕೆ ಮಾತ್ರ ಕರೆಂಟ್ ಕೆಲ್ಸಕ್ಕೆ ಇಟ್ಕೊಂಡಿದ್ದ ಕಟಿಂಗ್ ಪ್ಲೇಯರ್.

ದಾರ ಕಟ್ಟೋ ಕಣ್ಣು ಮಾಡೋವಾಗ ಏನಾಗುತ್ತೆ ಅಂದ್ರೆ, ತಂತೀನ ಒಂದು ಸುತ್ತು ತಂದು ಬುಡದಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಎರಡು ಮೂರು ಸುತ್ತು ಸುತ್ತಬೇಕು. ಸ್ಪ್ರಿಂಗ್ ತಂತಿ ಅಲ್ವಾ, ಒದೆಯುತ್ತೆ, ಜಾರುತ್ತೆ. ನಾನು ಎರಡೂ ಕೈಲಿ ಅದುಮಿ ಹಿಡಿದೆ. ಕಣ್ಣು ಚೆನ್ನಾಗೇ ಬಂತು, ಖುಷಿ ಆಯ್ತು, ಬುಡದಲ್ಲಿ ಪ್ಲೇಯರ್ ಹಲ್ಲಿನ ಸಣ್ಣ ಸಣ್ಣ ಗೆರೆ ಬಿದ್ದಿತ್ತು, ಬಿದ್ರೆ ಬೀಳ್ಲಿ ಮೀನು ಏನು ನೋಡುತ್ತಾ ಅಂದ್ಕೊಂಡೆ.

ಆ ಗೆರೆನೇ ಎಲ್ಲಾ ಹಾಳು ಮಾಡಿದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಟ್ಟೆ ಅಂಗಡೀಲಿ ನೋಡಿದೀರಲ್ಲ, ಅಂಚಿಗೆ ಕತ್ತರೀಲಿ ಒಂದು ಕಚ್ಚು ಹಾಕಿ ಎಳೀತಾರೆ, ಪರ್ರಂತ ಹರಿಯುತ್ತೆ. ಕಚ್ಚಿಲ್ದೆ ಅದೇ ಬಟ್ಟೆ ಎಷ್ಟು ಎಳೆದ್ರೂ ಹರಿಯಲ್ಲ. ತಂತೀಲೂ ಅಷ್ಟೇ. ಬಗ್ಗಿಸಿದಾಗ ಹೊರಮೈ ಹಿಗ್ಗಿ ಬಿಗಿದಿರುತ್ತೆ, ಆ ಬಿಗಿತದ ಮೇಲೆ ಹಲ್ಲಿನ ಕಚ್ಚು ಬಿತ್ತು ಅಂದ್ರೆ ಎಳೆತ ಎಲ್ಲಾ ಬಂದು ಅಲ್ಲೇ ಕೂರುತ್ತೆ. ಸಾಲದ್ದಕ್ಕೆ ಬ್ಲೇಡ್ ತಿರುಗೋವಾಗ ತಂತಿ ಪೂರ್ತಿ ನಡುಗ್ತಾನೇ ಇರುತ್ತೆ, ಪ್ರತಿ ಸಲ ಎಳೆಯೋವಾಗ ಕೈಗೆ ಗೊತ್ತಾಗುತ್ತಲ್ಲ ಆ ನಡುಕ. ಒಂದೊಂದು ನಡುಕಕ್ಕೂ ಕಚ್ಚು ಕೂದಲೆಳೆಯಷ್ಟು ಒಳಗೆ ಹೋಗುತ್ತೆ. ಮೇಲೆ ನೋಡಿದ್ರೆ ಏನೂ ಕಾಣಲ್ಲ.

ಮೂರು ವಾರ ಆ ಎರೆಯಲ್ಲೇ ಆಡ್ದೆ, ಸಣ್ಣ ಪುಟ್ಟ ಮೀನೂ ಬಂದ್ವು. ಆಮೇಲೆ ಒಂದಿನ ಬೆಳಗ್ಗೆ ಬೊಡ್ಡೆ ಪಕ್ಕ ಹೊಡೀತು ನೋಡಿ, ರಾಡ್ ನೀರಿಗೆ ಮುಟ್ತು. ಅಷ್ಟು ದೊಡ್ಡ ಕೊರವ ನಾನು ಈವರೆಗೂ ಹಿಡಿದಿಲ್ಲ. ಜೊಂಡಿಂದ ಆಚೆ ಎಳ್ಕೊಂಡ್ ಬಂದೆ, ದಡಕ್ಕೆ ಹತ್ತಡಿ ಇತ್ತು, ತಲೆ ಒಂದು ಸಲ ಒದರ್ತು, ದಾರ ಹಗುರ ಆಯ್ತು. 40 ಪೌಂಡ್ ತಡೆಯೋ ಹೆಣೆದ ದಾರ (ಬ್ರೇಡ್), ಅದು ಕಿತ್ತಿಲ್ಲ. ದಾರದ ತುದೀಲಿ ಕಣ್ಣು, ಮೇಲಿನ ಕಡ್ಡಿ, ಬ್ಲೇಡ್ ಮೂರೂ ಇವೆ. ಕೆಳಗಿನ ಕಡ್ಡಿ, ಸೀಸ, ಹುಕ್ಕು ಇಲ್ಲ. ಅದೆಲ್ಲಾ ಮೀನಿನ ಬಾಯಲ್ಲಿ ಹೋಯ್ತು. ಮೀನು ತಪ್ಪಿಸ್ಕೊಂಡಿದ್ದಕ್ಕೆ ಬೇಜಾರಿಲ್ಲ ಸರ್, ಬಾಯಲ್ಲಿ ಸೀಸ ಕಟ್ಕೊಂಡು ಅದು ಎಷ್ಟು ದಿನ ಒದ್ದಾಡ್ತೋ ಅನ್ನೋದು ಇವತ್ತಿಗೂ ಕಾಡುತ್ತೆ.

ಮುರಿದ ತುಂಡನ್ನ ನಮ್ಮ ಬೀದಿಯ ಅಕ್ಕಸಾಲಿ ಆಚಾರ್‌ಗೆ ತೋರಿಸ್ದೆ. ಅವ್ರು ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡು ನೋಡಿ ನಂಗೂ ತೋರಿಸಿದ್ರು. ಮುರಿದ ಬಾಯಿ ಅರ್ಧ ಮಂಕಾಗಿ ಕಪ್ಪಗಿದೆ, ಇನ್ನರ್ಧ ಬೆಳ್ಳಗೆ ಹರಳು ಹರಳಾಗಿದೆ. "ಈ ಕಪ್ಪು ಕಡೆ ಮೊದ್ಲೇ ಬಿಟ್ಕೊಂಡಿತ್ತು ಕಣಪ್ಪಾ, ಅವತ್ತು ಮುರಿದಿದ್ದು ಬರೀ ಈ ಬಿಳೀದು" ಅಂದ್ರು. ಆಮೇಲೆ ತಮ್ಮ ಇಕ್ಕಳ ಬಿಡಿಸಿ ತೋರಿಸಿದ್ರು, ಒಳಗಡೆ ಕನ್ನಡಿ ತರ ನುಣುಪು, ಹಲ್ಲೇ ಇಲ್ಲ. ಹಲ್ಲಿರೋ ಇಕ್ಕಳ ಚಿನ್ನದ ಹತ್ರ ತಂದ್ರೆ ಅವ್ರ ಅಪ್ಪ ಕೈ ಮೇಲೆ ಹೊಡೀತಿದ್ರಂತೆ.

ಅದಕ್ಕೇ ನಿಮ್ಮ ಪ್ರಶ್ನೇನೇ ಸ್ವಲ್ಪ ತಪ್ಪು ಅಂತೀನಿ. ಮೂರರಲ್ಲಿ ಯಾವ್ದು ಅನ್ನೋದಲ್ಲ, ದವಡೇಲಿ ಹಲ್ಲಿದೆಯೋ ಇಲ್ವೋ ಅದು ನೋಡಿ. ಅಕ್ಕಸಾಲಿಗರ ರೌಂಡ್ ನೋಸ್ ಪ್ಲೇಯರ್ ಒಂದು, ಹಲ್ಲಿಲ್ಲದ ಚಪ್ಪಟೆ ಮೂತೀದು ಒಂದು, ಇವೆರಡೇ ಸಾಕು. ಬೆಂಗಳೂರಾದ್ರೆ ನಗರ್ತಪೇಟೆ ಕಡೆ ಹೋಗಿ, ಅಲ್ಲೆಲ್ಲಾ ಒಡವೆ ಕೆಲಸದವರೇ, ಹಾರ್ಡ್‌ವೇರ್ ಅಂಗಡೀಲಿ ಕೇಳಿದ್ರೆ ಹಲ್ಲಿರೋದೇ ಕೊಡ್ತಾರೆ. ರೌಂಡ್ ನೋಸ್ ತುದಿ ಸಣ್ಣ, ಬುಡ ದಪ್ಪ ಅಲ್ವಾ, ಎಲ್ಲಿ ಹಿಡೀತೀರೋ ಅಷ್ಟೇ ಕಣ್ಣು ಬರುತ್ತೆ, ಮಾರ್ಕರಲ್ಲಿ ಒಂದು ಗೆರೆ ಹಾಕ್ಕೊಳ್ಳಿ, ಎಲ್ಲಾ ಕಣ್ಣೂ ಒಂದೇ ಸೈಜ್ ಆಗುತ್ತೆ. ತುದೀಲಿ ಮಾತ್ರ ದಪ್ಪ ತಂತಿ ಹಿಡೀಬೇಡಿ, ಪ್ಲೇಯರ್ ಮೂತಿನೇ ಸೊಟ್ಟಗಾಗುತ್ತೆ. ಬೆಂಡರ್ ದಿನಕ್ಕೆ ಐವತ್ತು ಮಾಡಿ ಮಾರೋರಿಗೆ. ತಿಂಗಳಿಗೆ ನಾಕು ಮಾಡೋಕೆ ಒಂದು ಗಟ್ಟಿ ಹಲಗೆಗೆ ಎರಡು ಮೊಳೆ ಹೊಡೆದು ತಲೆ ಕತ್ತರಿಸಿ ಅರ ಉಜ್ಜಿ ನುಣ್ಣಗೆ ಮಾಡಿ, ಅದ್ರ ಸುತ್ತ ಕೈಲೇ ತಂತಿ ಎಳೆದ್ರೆ ಬೆಂಡರ್ ಮಾಡೋ ಮುಕ್ಕಾಲು ಕೆಲಸ ಆಯ್ತು. ಸ್ಪ್ರಿಂಗ್ ತಂತಿ ವಾಪಸ್ ಬರುತ್ತೆ, ಬೇಕಾದ್ದಕ್ಕಿಂತ ಚೂರು ಜಾಸ್ತೀನೇ ಬಗ್ಗಿಸಿ. ತಪ್ಪಾಯ್ತಾ, ಆ ತುಂಡು ಬಿಸಾಕಿ, ನೆಟ್ಟಗೆ ಮಾಡಿ ಮತ್ತೆ ಬಗ್ಗಿಸೋಕೆ ಹೋಗ್ಬೇಡಿ.

ಉಳಿದ ದುಡ್ಡು ತಂತೀಗೆ ಹಾಕಿ. 304 ಸ್ಟೇನ್‌ಲೆಸ್, ಸ್ಪ್ರಿಂಗ್ ಟೆಂಪರ್ (ಸ್ಪ್ರಿಂಗಿನಷ್ಟು ಗಟ್ಟಿ), 0.9 ಮಿಲಿಮೀಟರ್, ಇಲ್ಲಿನ ಅಂಗಡೀಲಿ 20 ಗೇಜ್ ಅಂದ್ರೆ ಹೆಚ್ಚು ಕಮ್ಮಿ ಅದೇ. ಅಮೆರಿಕದ ವಿಡಿಯೋಗಳಲ್ಲಿ 0.035 ಇಂಚು ಅಂತಾರಲ್ಲ, ಅದೂ ಇದೇ. ಒಂದಡಿ ತುಂಡು ಬಿಲ್ಲಿನ ತರ ಬಗ್ಗಿಸಿ ಬಿಡಿ, ಪೂರ್ತಿ ನೆಟ್ಟಗಾದ್ರೆ ತಗೊಳ್ಳಿ. ಗಟ್ಟಿ ಅಂತ ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ ಬಗ್ಗಿಸೋರಿದಾರೆ, ದಯವಿಟ್ಟು ಬೇಡ. ಕಮ್ಮಾರ ಕುಡುಗೋಲಿಗೆ ಹದ ಹಾಕಿದಂಗೆ ಇದನ್ನ ನೀರಿಗದ್ದಿ ಮತ್ತೆ ಗಟ್ಟಿ ಮಾಡೋಕಾಗಲ್ಲ, ಎಳೆದೆಳೆದು ಬಂದ ಗಟ್ಟಿತನ ಅದು, ಒಂದ್ಸಲ ಹೋದ್ರೆ ಹೋಯ್ತು.

ಕತ್ತರಿಸೋಕೆ ಆ ಹಳೇ ಕಟಿಂಗ್ ಪ್ಲೇಯರ್ ಇಟ್ಕೊಳ್ಳಿ, ಅಕ್ಕಸಾಲಿ ಕಟ್ಟರ್ ಹಾಕಿದ್ರೆ ಬಾಯಿ ಮುಕ್ಕಾಗುತ್ತೆ. ಇಲ್ಲಾ ಮೂರು ಮೂಲೆ ಅರದಲ್ಲಿ ಒಂದು ಗೀರು ಹಾಕಿ ಆ ಕಡೆ ಈ ಕಡೆ ಆಡಿಸಿ, ಟಕ್ ಅಂತ ಮುರಿಯುತ್ತೆ. ಕತ್ತರಿಸೋವಾಗ ತುದಿ ಮೇಲೆ ಬಟ್ಟೆ ಮುಚ್ಚಿ, ಕಣ್ಣಿಗೆ ಹಾರುತ್ತೆ. ತುಂಡುಗಳನ್ನೆಲ್ಲಾ ಎಣಿಸಿ ಒಂದು ಡಬ್ಬಿಗೆ ಹಾಕಿ. ಹಿತ್ತಲಲ್ಲಿ ಬಿದ್ದು ಹುಲ್ಲಿನ ಜೊತೆ ಹಸು ನುಂಗಿದ್ರೆ ಅದು ಹೊಟ್ಟೆ ಚುಚ್ಕೊಂಡು ಎದೆಗೇ ಹೋಗ್ಬಹುದು, ನಮ್ಮ ಕಡೆ ಡಾಕ್ಟ್ರು ಇದಕ್ಕೇ ಹಸುಗೆ ಅಯಸ್ಕಾಂತ ನುಂಗಿಸ್ತಾರೆ.