ಧಾರವಾಡದಾಗ ನಾದಿನಿ ಮನಿ ಇದ್ದೂ ಲಾಡ್ಜಿನ್ಯಾಗ ಇಳೀಬೇಕ?

ಪ್ರಶ್ನೆ: ನಮ್ಮದು ಹಾವೇರಿ. ಬರುವ ಡಿಸೆಂಬರ್ ಮೊದಲ ವಾರಕ್ಕೆ ಮದುವೆಯಾಗಿ 12 ವರ್ಷ. ಮನೆಯವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಇಬ್ಬರು ಮಕ್ಕಳು, ಅತ್ತೆ ನಮ್ಮ ಜೊತೆಗಿದ್ದಾರೆ. 'ಸೀಸನ್ ಜೋರಾಗೋದರೊಳಗ ಎರಡು ರಾತ್ರಿ ನಾವಿಬ್ಬರ ಎಲ್ಲರೆ ಹೋಗಿ ಬರೂಣು' ಅಂತ ಅವರೇ ಅಂದಾಗ ನನಗೆ ಹಿಗ್ಗೋ ಹಿಗ್ಗು. ಮರುದಿನವೇ ಮೊಬೈಲಿನಲ್ಲಿ ಪಟ್ಟಿ ಸಿದ್ಧವಾಯಿತು: ಗೋವಾ, ದೂಧಸಾಗರ, ದಾಂಡೇಲಿ, ಯಾಣ, ಬರುವಾಗ ಶಿರಸಿ. ನಾನು ಧಾರವಾಡ ಸಾಕು ಅಂದೆ. ಕರ್ನಾಟಕ ಕಾಲೇಜಿನಲ್ಲಿ ಮೂರು ವರ್ಷ ಬಿ.ಎ. ಓದಿದವಳು ನಾನು. ಮದುವೆಯ ನಂತರ ಆ ಊರಿಗೆ ಹೋಗಿದ್ದೆಲ್ಲ ಲಗ್ನಕ್ಕೆ, ಕುಬಸಕ್ಕೆ, ದವಾಖಾನೆಗೆ. ಅವರು ಗದಗಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದಿದವರು, ಧಾರವಾಡದ ರುಚಿ ಗೊತ್ತಿಲ್ಲ. 'ಅಲ್ಲಿ ಏನ ನೋಡೂದೈತಿ?' ಅಂತಾರೆ. ಅತ್ತೆಯವರು 'ಮಗಳ ಮನಿ ಇದ್ದಾಗ ಲಾಡ್ಜಿಗೆ ಯಾಕ ರೊಕ್ಕ ಸುರೀತೀರಿ, ಮಂದಿ ಏನಂದಾರು?' ಅಂತಾರೆ. ನಾದಿನಿಯ, ಅಂದರೆ ಇವರ ಅಕ್ಕನ, ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಅಲ್ಲಿ ಇಳಿದರೆ ನಾನು ಅಡುಗೆಮನೆಯಲ್ಲಿ, ಅವರು ಪಡಸಾಲೆಯಲ್ಲಿ, ಅಷ್ಟೇ. ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಎರಡು ದಿನ ಇಬ್ಬರೇ ಇದ್ದರೆ ಮಾತೇ ಹುಟ್ಟದಿದ್ದರೆ ಹೇಗೆ ಅಂತ ಒಳಗೊಳಗೆ ಅಂಜಿಕೆ.
ಹೆಸರು ಬೇಡ, ಹಾವೇರಿ

ಉತ್ತರ: ತಂಗೀ, ಕಡೆಯ ಎರಡು ಸಾಲು ನೀವು ಬರೆಯದೆ ಇದ್ದಿದ್ದರೆ ನಾನು ಲಾಡ್ಜಿನ ವಿಷಯಕ್ಕಷ್ಟೇ ಉತ್ತರ ಕೊಟ್ಟು ಮುಗಿಸುತ್ತಿದ್ದೆ. ನಿಮ್ಮ ಪತ್ರದ ಜೀವ ಇರುವುದು ಆ ಎರಡು ಸಾಲಿನಲ್ಲಿ.

12 ವರ್ಷ ನೀವಿಬ್ಬರೂ ಮಾತಾಡಿಲ್ಲ ಅಂತಲ್ಲ. ಫೀಸು, ಗ್ಯಾಸು, ಅತ್ತೆಯವರ ಗುಳಿಗೆ, ಇವತ್ತಿನ ಧಾರಣಿ, ನಾಳೆಯ ಡಬ್ಬಿ, ಎಲ್ಲ ಮಾತಾಡಿದ್ದೀರಿ. ಅವೆಲ್ಲ ಮನೆಯ ಬಗ್ಗೆ. ಮನೆಯನ್ನು ಬಿಟ್ಟು ಹೊರಟಾಗ ಏನು ಉಳಿಯುತ್ತದೆ ಅನ್ನುವ ಅಂಜಿಕೆ ನಿಮಗಿದೆ. ಅವರಿಗೂ ಇದೆ ಅಂತ ನನ್ನ ಗುಮಾನಿ. ಎರಡು ದಿನಕ್ಕೆ ಐದು ಊರು ಬರೆದುಕೊಂಡ ಮನುಷ್ಯನಿಗೆ ಆ ಐದು ಊರು ನೋಡುವ ಹಸಿವಿಗಿಂತ ಖಾಲಿ ಹೊತ್ತಿನ ಭಯವೇ ಹೆಚ್ಚಿರಬಹುದು. ಬೆಳಗ್ಗೆಯಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ತೂಕ, ಟೆಂಡರು, ಲೆಕ್ಕ ಅಂತ ಇರುವವರಿಗೆ ಸುಮ್ಮನೆ ಇರುವುದು ರೂಢಿಯಿಲ್ಲ. ಆದ್ದರಿಂದ ಆ ಪಟ್ಟಿಯ ಮೇಲೆ ಸಿಟ್ಟಾಗಬೇಡಿ. ನಿಮ್ಮೊಡನೆ ಹೋಗಬೇಕು ಅಂತ ಅವರಾಗಿಯೇ ಬಾಯಿಬಿಟ್ಟು ಹೇಳಿದ್ದಾರೆ. ನಮ್ಮ ಕಡೆಯ ಗಂಡಸರ ಬಾಯಿಂದ ಆ ಮಾತು ಎಷ್ಟು ಕಷ್ಟಪಟ್ಟು ಹೊರಬರುತ್ತದೆಂದು ನನಗೆ ಗೊತ್ತು.

ನಾವು ಗಂಡ ಹೆಂಡತಿ ಮದುವೆಯಾದ ಹತ್ತನೆಯ ವರ್ಷ ಬಾದಾಮಿಗೆ ಹೋಗಿದ್ದೆವು. ಮೇಣಬಸದಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ ಎಲ್ಲವನ್ನೂ ಒಂದೂವರೆ ದಿನದಲ್ಲಿ ನೋಡಿದೆವು. ಅಲ್ಲಿ ನಾವಿಬ್ಬರೂ ಏನು ಮಾತಾಡಿದೆವೆಂದು ಇವತ್ತು ಕೇಳಿದರೆ ಒಂದು ಮಾತೂ ನೆನಪಿಲ್ಲ. ಮರಳಿ ಬರುವಾಗ ರೋಣದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಜೋಳದ ಹೊಲದ ಬದುವಿನ ಮೇಲೆ ಒಂದು ತಾಸು ಕೂತೆವು. ಅವರು ತಮ್ಮ ತಂದೆಯ ಬಗ್ಗೆ, ಆ ಹತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು ಆಡಿದರು. ಆ ಒಂದು ತಾಸಿಗಾಗಿಯೇ ಆ ಪ್ರವಾಸ ಆಯಿತು ಅಂತ ನಾನು ಈಗಲೂ ತಿಳಿದಿದ್ದೇನೆ.

ಅದಕ್ಕೇ ಹೇಳುತ್ತೇನೆ, ಧಾರವಾಡಕ್ಕೇ ಹೋಗಿ. ಕಾರು ಹಾವೇರಿಯಲ್ಲೇ ಇರಲಿ. ಕಾರಿದ್ದರೆ ಎರಡನೆಯ ದಿನ ಮುಂಜಾನೆ ದಾಂಡೇಲಿ ಹತ್ತಿರ ಕಾಣತೊಡಗುತ್ತದೆ. ಶುಕ್ರವಾರ ಮಧ್ಯಾಹ್ನ ರೈಲು ಹತ್ತಿ, ಹುಬ್ಬಳ್ಳಿಯಲ್ಲಿಳಿದು ಚಿಗರಿ ಬಸ್ಸಿನಲ್ಲಿ ಧಾರವಾಡ ಸೇರಿ. ತನ್ನದೇ ದಾರಿಯಲ್ಲಿ ಓಡುವ ತಣ್ಣನೆಯ ಬಸ್ಸು, ಸ್ಟೇರಿಂಗ್ ಹಿಡಿಯುವ ಕೆಲಸ ಇಲ್ಲ, ಅವರ ಕೈ ಖಾಲಿ ಇರುತ್ತದೆ. ಅವತ್ತು ಸಂಜೆ ಏನೂ ನೋಡಬೇಡಿ. ಲೈನ್ ಬಜಾರಿಗೆ ನಡೆದು ಹೋಗಿ, ಪೇಡಾ ಸರದಿಯಲ್ಲಿ ನಿಲ್ಲಿ, ಕಾಲು ಕಿಲೋ ಕಟ್ಟಿಸಿಕೊಂಡು ನಡೆಯುತ್ತಲೇ ತಿನ್ನಿ. ಡಿಸೆಂಬರಿನ ಧಾರವಾಡದ ಸಂಜೆಗೆ ಒಂದು ಶಾಲು ಬೇಕಾಗುತ್ತದೆ, ಮರೆಯಬೇಡಿ.

ಶನಿವಾರ ನಿಮ್ಮ ದಿನ. ಅವರು 'ಏನ ನೋಡೂದೈತಿ' ಅಂದದ್ದಕ್ಕೆ ನಿಮ್ಮ ಹತ್ತಿರ ಇರುವ ಉತ್ತರ ಯಾವ ಗೈಡಿನ ಹತ್ತಿರವೂ ಇಲ್ಲ. ಮದುವೆಗೆ ಮುಂಚಿನ ನಿಮ್ಮನ್ನು ಅವರು ನೋಡಿಯೇ ಇಲ್ಲ. ಆ ಹುಡುಗಿ ಕರ್ನಾಟಕ ಕಾಲೇಜಿನಲ್ಲಿ ಯಾವ ಮರದ ಕೆಳಗೆ ಕೂತು ನೋಟ್ಸ್ ಬರೆಯುತ್ತಿದ್ದಳು, ರಿಸಲ್ಟಿನ ದಿನ ಎಲ್ಲಿ ನಿಂತು ಅತ್ತಳು, ಊರಿನ ಬಸ್ಸಿಗೆ ಎಲ್ಲಿ ಕಾಯುತ್ತಿದ್ದಳು, ತೋರಿಸಿ. 1917ರಲ್ಲಿ ಶುರುವಾದ ಕಾಲೇಜು ಅದು. ಆ ಕಲ್ಲಿನ ಹಳೆಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು ಅಂತ ಹೇಳಿ ನೋಡಿ, ವ್ಯಾಪಾರದವರಿಗೆ ಇಂಥದ್ದು ಹಿಡಿಸುತ್ತದೆ.

ಅದಕ್ಕೂ ಮುಂಚೆ, ಬಿಸಿಲು ಏರುವ ಮೊದಲು, ಸಾಧನಕೇರಿಗೆ ಹೋಗಿ ಬನ್ನಿ. ಬೇಂದ್ರೆಯವರ ಮನೆ ಇರುವ ಓಣಿ, ಎದುರಿಗೆ ಕೆರೆ. ಅಲ್ಲಿ ನೋಡಿ ಮುಗಿಸುವಂಥದ್ದು ಏನೂ ಇಲ್ಲ, ಕೆರೆಯ ಸುತ್ತ ನಡೆಯುವುದಷ್ಟೇ. ನಿಮ್ಮ ಅಂಜಿಕೆಗೆ ನನಗೆ ತಿಳಿದ ಮದ್ದು ಈ ನಡಿಗೆಯೇ. ಹೋಟೆಲಿನ ಟೇಬಲ್ಲಿಗೆ ಎದುರುಬದರು ಕೂತು 'ಏನರ ಮಾತಾಡ್ರಿ' ಅಂದರೆ ಇದ್ದ ಮಾತೂ ಒಣಗುತ್ತದೆ. ಪಕ್ಕಪಕ್ಕ ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ಕಣ್ಣಿಗೆ ಬೇರೆ ಕೆಲಸವಿರುತ್ತದೆ, ಮಾತು ತಾನಾಗಿ ಬರುತ್ತದೆ. ಬರದಿದ್ದರೂ ಇಬ್ಬರೂ ನಡೆಯುತ್ತಿರುತ್ತೀರಿ. ಅರ್ಧ ತಾಸು ಮಾತಿಲ್ಲದೆ ಹೋದರೆ 'ಆಗಿಹೋಯಿತು' ಅಂತ ಎದೆ ಒಡೆದುಕೊಳ್ಳಬೇಡಿ.

ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ. ಅವತ್ತು ಬಡಿಸುವವರು ಬೇರೆಯವರು, ನೀವು ಕೂತು ಉಣ್ಣಿ. ಆಮೇಲೆ ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪ್ರಕಾಶನ, ಗಿರೀಶ ಕಾರ್ನಾಡರ ಮೊದಲ ನಾಟಕ ಅಚ್ಚಾಗಿದ್ದು ಇವರಿಂದಲೇ. ಬಿ.ಎ. ಓದುವಾಗ ಕೊಳ್ಳಲು ದುಡ್ಡಿಲ್ಲದ ಒಂದಾದರೂ ಪುಸ್ತಕ ನಿಮಗೆ ಇದ್ದೇ ಇತ್ತು. ಅದನ್ನು ಅವರಿಂದ ಕೊಡಿಸಿಕೊಳ್ಳಿ. ಹಾಡು ಹಿಡಿಸುವುದಾದರೆ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕವಾಗಿದೆ, ತೆರೆದಿರುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಸಂಜೆ ವಿದ್ಯಾವರ್ಧಕ ಸಂಘದ ಕಡೆ ಹೋದರೆ ಭಾಷಣವೋ ಹಾಡೋ ನಾಟಕವೋ ಏನಾದರೂ ನಡೆದಿರಬಹುದು. 1890ರಿಂದ ಇರುವ ಸಂಘ ಅದು. ಬೇಸರವಾದರೆ ನಡುವೆ ಎದ್ದು ಬಂದು ಗಿರ್ಮಿಟ್ ತಿನ್ನಿ, ಧಾರವಾಡದವರು ಅದಕ್ಕೆಲ್ಲ ಸಿಟ್ಟಾಗುವುದಿಲ್ಲ.

ಉಡುಗೊರೆಯ ಮಾತನ್ನು ನೀವು ಬರೆದಿಲ್ಲ, ನಾನೇ ಹೇಳುತ್ತೇನೆ. ಗೋವಾದ ರೊಕ್ಕದಲ್ಲಿ ಒಂದು ಕೈಕಸೂತಿಯ ಸೀರೆ ಬರುತ್ತದೆ. ಹೊಲಿಗೆ ಯಂತ್ರದ ನಕಲಿ ಬಹಳ ಬಂದಿದೆ, ಆದ್ದರಿಂದ ಸೆರಗು ತಿರುವಿ ಹಿಂಬದಿ ನೋಡಿ. ಕೈಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ, ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ತರಹ ಕಾಣುತ್ತದೆ. ಗೋಪುರ ಬೇಕೋ ತೇರು ಬೇಕೋ ಆನೆ ಬೇಕೋ, ಅವರೇ ಆರಿಸಲಿ. ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದೇ ಬಣ್ಣ, ನೆರಿಗೆ, ದರ್ಜೆ ಹೇಳುವವರಿಗೆ ದಾರದ ಬಣ್ಣ ಆರಿಸುವುದು ಕಷ್ಟವೇನಲ್ಲ. ಮಾಡಿಸಿಕೊಳ್ಳುವುದಾದರೆ ವಾರಗಟ್ಟಲೆ ಹಿಡಿಯುತ್ತದೆ, ಈಗಲೇ ಹೇಳಿ ಇಡಬೇಕು.

ಇನ್ನು ನಾದಿನಿಯ ಮನೆ. ಇದರಲ್ಲಿ ನಾನು ಗಟ್ಟಿಯಾಗಿ ನಿಮ್ಮ ಕಡೆ. ಅಲ್ಲಿ ಇಳಿದರೆ ಅದು ಬೀಗತನದ ಭೇಟಿಯಾಗುತ್ತದೆ, ತಪ್ಪು ಯಾರದೂ ಇರುವುದಿಲ್ಲ. ತಮ್ಮ ಬಂದನೆಂದು ಅಕ್ಕ ಹೋಳಿಗೆ ಮಾಡದೆ ಬಿಡುವುದಿಲ್ಲ, ಅವರು ಹೂರಣ ರುಬ್ಬುವಾಗ ನೀವು ಕೈಕಟ್ಟಿ ಕೂಡಲಾಗುವುದಿಲ್ಲ. ಆದರೆ ಹೇಳದೆ ಹೋಗಿ ಹೇಳದೆ ಬರುವ ವಿಚಾರ ತಲೆಯಲ್ಲಿದ್ದರೆ ತೆಗೆದುಹಾಕಿ. ಧಾರವಾಡ ಅಷ್ಟು ದೊಡ್ಡ ಊರಲ್ಲ. ಪೇಡಾ ಸರದಿಯಲ್ಲಿ ಅವರ ಪಕ್ಕದ ಮನೆಯವರೇ ಸಿಗುತ್ತಾರೆ, ಆ ಸುದ್ದಿ ನಿಮಗಿಂತ ಮೊದಲು ಸಪ್ತಾಪುರ ಮುಟ್ಟುತ್ತದೆ, ಹಾಗೆ ಮುಟ್ಟಿದ ಸುದ್ದಿಯ ನೋವು ವರ್ಷಗಟ್ಟಲೆ ಉಳಿಯುತ್ತದೆ.

ಫೋನು ಮಾಡಬೇಕಾದವರು ನಿಮ್ಮ ಯಜಮಾನರು. ಅಕ್ಕ ಅವರದು. ನೀವು ಹೇಳಿದರೆ 'ಸೊಸಿ ಬ್ಯಾಡ ಅಂದ್ಲು' ಅಂತಾಗುತ್ತದೆ, ತಮ್ಮ ಹೇಳಿದರೆ ತಮ್ಮನ ಆಸೆ ಅಂತಾಗುತ್ತದೆ. ಸುತ್ತಿ ಬಳಸಿ ಹೇಳುವುದು ಬೇಡ. 'ಅಕ್ಕಾ, ಲಗ್ನದ ದಿನಕ್ಕ ನಾವಿಬ್ಬರೂ ಧಾರವಾಡಕ್ಕ ಬರಾಕತ್ತೇವಿ. ಈ ಸಲ ಇಬ್ಬರ ಇರೂಣು ಅಂತ ಮನಸಾಗೇತಿ, ರೂಮ್ ಮಾಡೇವಿ. ಐತವಾರ ಮಧ್ಯಾಹ್ನ ನಿನ್ನ ಕೈಯಾನ ಊಟ, ಮಾಮಾಗೂ ಮನ್ಯಾಗ ಇರಾಕ ಹೇಳು.' ಇಷ್ಟೇ ಸಾಕು. ಆ ಕಡೆಯಿಂದ ಒಂದು ಗಳಿಗೆ ಮೌನ ಬರಬಹುದು, ಬರಲಿ. ಐತವಾರ ಹೋಗುವಾಗ ನಿಮ್ಮ ಅಂಗಡಿಯ ಒಳ್ಳೆ ಬ್ಯಾಡಗಿ ಮೆಣಸಿನಕಾಯಿ ಎರಡು ಕಿಲೋ ಒಯ್ಯಿರಿ, ಊಟವಾದ ಮೇಲೆ ಅರ್ಧ ದಿನ ಅವರಿಗಾಗಿಯೇ ಕೂತುಕೊಳ್ಳಿ, ಗಡಿಯಾರ ನೋಡಬೇಡಿ.

ಅತ್ತೆಯವರಿಗೆ ಲಾಡ್ಜಿನ ರೊಕ್ಕದ ಲೆಕ್ಕ ಕೊಡುತ್ತ ಕೂಡಬೇಡಿ. ಮಗಳಿಗೆ ತಿಳಿಸಿ ಆಗಿದೆ, ಅವಳೂ ಒಪ್ಪಿದ್ದಾಳೆ ಅಂತ ಗೊತ್ತಾದರೆ ಅವರ ಅರ್ಧ ಚಿಂತೆ ಹೋಗುತ್ತದೆ. ಮಕ್ಕಳ ವಿಷಯಕ್ಕೆ ಎರಡು ರಾತ್ರಿ ದೊಡ್ಡದಲ್ಲ. ಅವರಿಗೂ ಅಜ್ಜಿಯ ಹತ್ತಿರ ಸಡಿಲು ಸಿಕ್ಕ ಖುಷಿ ಇರುತ್ತದೆ.

ಈಗ ನಿಮ್ಮ ಕಡೆಗೇ ಒಂದು ಮಾತು, ಬೇಜಾರಾಗಬೇಡಿ. ಪತ್ರದ ತುಂಬ ನಿಮ್ಮ ಧಾರವಾಡವಿದೆ. ಅವರ ಗದಗಿಗೆ ಸಿಕ್ಕಿದ್ದು ಒಂದು ಸಾಲು, ಅದೂ ಅವರಿಗೆ ರುಚಿ ಗೊತ್ತಿಲ್ಲ ಅಂತ ಹೇಳಲಿಕ್ಕೆ. ತಂದೆತಾಯಿಯನ್ನು ಬಿಟ್ಟು ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗನ ಕಥೆ 12 ವರ್ಷದಲ್ಲಿ ನೀವು ಕೇಳಿದ್ದೀರಾ? ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬಕ್ಕೆ ಒರಗಿ ಕೂತಿದ್ದರೋ, ಸಂಗೀತ ಕಲಿಸುವ ಪುಣ್ಯಾಶ್ರಮದ ಮುಂದೆ ಹಾದುಹೋಗುವಾಗ ಹಾರ್ಮೋನಿಯಂ ಕೇಳುತ್ತ ನಿಂತಿದ್ದರೋ, ಸೈಕಲ್ ಹೊಡೆದುಕೊಂಡು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಿ ಮುಸುಕಿನ ಬಾವಿಯ ಮೆಟ್ಟಿಲಿಳಿದಿದ್ದರೋ, ಬೆಟಗೇರಿಯ ಮಗ್ಗದ ಸದ್ದಿಗೆ ನಿದ್ದೆ ಬರದೆ ಹೊರಳಾಡಿದ್ದರೋ, ಯಾರಿಗೆ ಗೊತ್ತು. ನಿಮಗೂ ಗೊತ್ತಿಲ್ಲದಿದ್ದರೆ ಮಾತಿಲ್ಲ ಅನ್ನುವ ಅಂಜಿಕೆಗೆ ಅರ್ಥವೇ ಇಲ್ಲ, ಅಷ್ಟು ಮಾತು ಬಾಕಿ ಉಳಿದಿದೆ. ಆದರೆ ಈ ಎರಡು ದಿನದಲ್ಲಿ ಗದಗನ್ನೂ ತುರುಕಬೇಡಿ, ಪಟ್ಟಿ ಮತ್ತೆ ಬೆಳೆಯುತ್ತದೆ. ಅದು ಮುಂದಿನ ಡಿಸೆಂಬರಿಗಿರಲಿ, ಆಗ ತೋರಿಸುವವರು ಅವರು, ಹಿಂದೆ ನಡೆಯುವವರು ನೀವು.

ಐತವಾರ ಸಂಜೆ ಮರಳುವಾಗ ಉಣಕಲ್ಲಿನಲ್ಲಿ ಚಿಗರಿಯಿಂದ ಇಳಿಯಿರಿ. ಊರೊಳಗೆ, ಮನೆಗಳ ನಡುವೆ, ಕಲ್ಯಾಣದ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ, ನಾಲ್ಕೂ ದಿಕ್ಕಿಗೆ ಬಾಗಿಲು. ಹುಬ್ಬಳ್ಳಿಗೆ ನೂರು ಸಲ ಬಂದವರೂ ಅದನ್ನು ನೋಡಿರುವುದಿಲ್ಲ, ಅವರ ಪಟ್ಟಿಗೆ ಒಂದು ಟಿಕ್ಕಾದರೂ ಸಿಗಲಿ. ರೈಲು ತಡವಾದರೆ ಒಳ್ಳೆಯದೇ ಆಯಿತು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ, ಈ ತುದಿಯಿಂದ ಆ ತುದಿಗೆ ನಡೆದರೆ ಒಳ್ಳೆ ಹೊತ್ತು ಹಿಡಿಯುತ್ತದೆ.

ಶುಕ್ರವಾರ ಹೋಗುವಾಗ ಕಿಟಕಿಯ ಸೀಟು ಅವರಿಗೆ ಕೊಡಿ. ದಾರಿಯಲ್ಲಿ ಕುಂದಗೋಳ ಬರುತ್ತದೆ. ಸವಾಯಿ ಗಂಧರ್ವರ ಊರು, ಗದಗಿನ ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕಿ ಮನೆಬಿಟ್ಟು ಅಲೆದು ಕಡೆಗೆ ಹಾಡು ಕಲಿತದ್ದು ಅಲ್ಲಿ. ಆ ಸ್ಟೇಷನ್ ಬಂದಾಗ ಕೇಳಿ: 'ನೀವು ಗದಗಿನ್ಯಾಗ ಇದ್ದಾಗ ಯಾವತ್ತರ ಮನಿ ಬಿಟ್ಟು ಓಡಿ ಹೋಗಬೇಕು ಅನಿಸಿತ್ತೇನ್ರಿ?' ಕೇಳಿದ ಮೇಲೆ ಸುಮ್ಮನಿರಿ, ಅವರು ಹೇಳುವವರೆಗೆ ಕಾಯಿರಿ.